ಸೊನ್ನೆಯ ಗೆರೆ

"ಗುರುಗಳೇ, ಸತ್ತವರ ಹಂಬಲ ಎಷ್ಟು ಕಾಲ ಇರಬೇಕು?"

ಕೇಳಿದವನು ನಿರುಪಾದಿ. ಕೇಳಿಸಿಕೊಂಡವರು ಅವನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಗುರುಗಳು. ಈಗ ಅವನೂ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾನೆ. ಆದರೂ ಭಾನುವಾರದ ಸಂಜೆ ಅವರ ಮನೆಗೆ ಬರುವುದನ್ನು ಬಿಟ್ಟಿಲ್ಲ. ಅವತ್ತೂ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟ. ಬಗ್ಗಿ ಅವೆರಡನ್ನೂ ಜೋಡಿಸಿ, ತುದಿ ಬೀದಿಯ ಕಡೆಗೆ ಬರುವಂತೆ ತಿರುಗಿಸಿಟ್ಟ. ಒಳಗೆ ಬಂದು ಚಾಪೆಯ ಮೇಲೆ ಕೂತ. ಬೇರೆ ಏನೂ ಮಾತಾಡದೆ ಇದನ್ನೇ ಕೇಳಿದ.

"ಎಷ್ಟು ಕಾಲ ಇರುತ್ತದೆ ಎಂದು ಕೇಳುತ್ತಿದ್ದೀಯೋ, ಇರಬೇಕು ಎಂದು ಕೇಳುತ್ತಿದ್ದೀಯೋ?"

"ಇರಬೇಕು ಎಂದು. ಇರುವುದು ಮುಗಿದಿದೆ."

ನಿರುಪಾದಿ ನಡೆಯಲು ಕಲಿಯುವ ಮೊದಲೇ ಅವನ ತಾಯಿ ತೀರಿಕೊಂಡಿದ್ದರು. ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಆ ಅಕ್ಕ ಹೋಗಿ ವರ್ಷವಾಗಿತ್ತು. ಹಿಂದಿನ ದಿನ ಅವಳ ವರ್ಷದ ಕಾರ್ಯ ಮುಗಿದಿತ್ತು.

"ಮೊದಮೊದಲು ಅವಳ ಹೆಸರು ಯಾರಾದರೂ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ ಸುಮ್ಮನೆ ನಿಂತುಬಿಡುತ್ತಿದ್ದೆ. ಹುಡುಗರು ಲೆಕ್ಕ ಯೋಚಿಸುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಈಗ ಹಾಗೆಲ್ಲ ಆಗುವುದಿಲ್ಲ. ನಿನ್ನೆ ಅವಳ ಫೋಟೋಗೆ ಹಾರ ಹಾಕಿದೆ. ಏನೂ ಅನ್ನಿಸಲಿಲ್ಲ. ಆಮೇಲೆ ಊಟಕ್ಕೆ ಕೂತು ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡೆ."

"ಹುಗ್ಗಿ ಚೆನ್ನಾಗಿತ್ತೇ?"

"ಚೆನ್ನಾಗಿತ್ತು. ಅದೇ ನನ್ನ ಕಷ್ಟ."

ಅವನು ಮತ್ತೆ ಹೇಳಿದ: "ತಾನು ಹಸಿದುಕೊಂಡು ನನಗೆ ಉಣಿಸಿದವಳು ಗುರುಗಳೇ. ನನ್ನೊಳಗೆ ಅವಳಿಗಾಗಿ ಇದ್ದದ್ದು ಒಂದೇ ವರ್ಷಕ್ಕೆ ಖಾಲಿಯಾಗುವಷ್ಟೇ ಏನು? ಅಥವಾ ಮೊದಲೇ ಕಡಿಮೆ ಇತ್ತೇ? ಒಳಗೆ ನೋಡಿಕೊಂಡರೆ ಸೊನ್ನೆ ಕಾಣುತ್ತದೆ. ಹಂಬಲಿಸಬೇಕು ಅಂತ ಹಂಬಲವಿದೆ. ಹಂಬಲ ಮಾತ್ರ ಇಲ್ಲ."

"ಒಂದು ಕತೆ ಇದೆ," ಎಂದರು ಗುರುಗಳು. "ನಡುವೆ ಸ್ವಲ್ಪ ಪಾಠ ಬರುತ್ತದೆ. ನೀನು ಮೇಷ್ಟ್ರು, ಸಹಿಸಿಕೊಳ್ಳುತ್ತೀಯ."

ಅವರು ಹೇಳತೊಡಗಿದರು.

ಒಂದು ಊರಿನ ಪ್ರಯೋಗಾಲಯದಲ್ಲಿ ಹರಳು ಬೆಳೆಸುವವನೊಬ್ಬನಿದ್ದ. ಅವನ ಹೆಂಡತಿಗೂ ಅಲ್ಲಿಯೇ ಕೆಲಸ. ಅವಳು ಅಳೆಯುವವಳು.

ಅವನು ಪುಡಿಗಳನ್ನು ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಿದ್ದ. ಕರಗಿದ್ದನ್ನು ನಿಧಾನವಾಗಿ ಆರಲು ಬಿಡುತ್ತಿದ್ದ. ಆರುತ್ತ ಆರುತ್ತ ಅದು ಹರಳಾಗುತ್ತಿತ್ತು. ಅವಳು ಆ ಹರಳಿನ ಮೇಲೆ ಬೆಳಕು ಬೀರಿ, ಅದರೊಳಗೆ ಮೇಲೆದ್ದ ಎಲೆಕ್ಟ್ರಾನುಗಳು ಎಷ್ಟು ಹೊತ್ತು ಮೇಲೆಯೇ ಉಳಿಯುತ್ತವೆ ಎಂದು ಅಳೆಯುತ್ತಿದ್ದಳು.

ಗಟ್ಟಿ ವಸ್ತುವಿನೊಳಗೆ ಪ್ರತಿ ಎಲೆಕ್ಟ್ರಾನಿಗೂ ಒಂದು ನೆಲೆ ಇದೆ. ಬೆಳಕು ಬಿದ್ದರೆ ಅದು ನೆಲೆ ಬಿಟ್ಟು ಮೇಲಿನ ಮಟ್ಟಕ್ಕೆ ಏಳುತ್ತದೆ. ಕೆಳಗೆ ಅದರ ಜಾಗ ಬರಿದಾಗಿ ಉಳಿಯುತ್ತದೆ. ಮೇಲೆ ಎದ್ದದ್ದು ಅಲ್ಲಿಯೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಯಾವುದೋ ಬರಿದಾದ ಜಾಗ ಸಿಕ್ಕಿ ಕೆಳಗೆ ಬರುತ್ತದೆ. ಹರಳಿನಲ್ಲಿ ಕೊರತೆಗಳಿದ್ದರೆ, ಒಂದು ಪರಮಾಣು ಇರಬೇಕಾದ ಕಡೆ ಇಲ್ಲದಿದ್ದರೆ ಅಥವಾ ಬೇರೊಂದು ಅಲ್ಲಿ ಬಂದು ಕೂತಿದ್ದರೆ, ಎದ್ದವು ಅಲ್ಲೇ ಸಿಕ್ಕಿಬಿದ್ದು ಬೇಗ ಇಳಿದುಹೋಗುತ್ತವೆ. ಹರಳು ಶುದ್ಧವಾಗಿದ್ದಷ್ಟೂ ಅವು ಹೆಚ್ಚು ಹೊತ್ತು ಮೇಲಿರುತ್ತವೆ. ಆದ್ದರಿಂದ ಹೆಂಡತಿ ಹೇಳುವ ಸಂಖ್ಯೆಯೇ ಗಂಡನ ಕೆಲಸಕ್ಕೆ ಬರುವ ತೀರ್ಪು.

ಅವಳ ಸಂಖ್ಯೆ ತೀರ ಚಿಕ್ಕದು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಬರುತ್ತದಲ್ಲ, ಅಂಥವು ನಾಲ್ಕೋ ಐದೋ. ಅಷ್ಟರಲ್ಲಿ ಎದ್ದವುಗಳಲ್ಲಿ ಹೆಚ್ಚಿನವು ಇಳಿದಿರುತ್ತಿದ್ದವು.

"ಅಷ್ಟು ಚಿಕ್ಕದನ್ನು ಯಾವ ಗಡಿಯಾರದಲ್ಲಿ ಅಳೆಯುವುದು?" ಎಂದು ನಿರುಪಾದಿ ಕೇಳಿದ.

ಎರಡು ಬೆಳಕಿನಲ್ಲಿ, ಎಂದರು ಗುರುಗಳು. ಮೊದಲನೆಯದು ಬಲವಾದದ್ದು. ಅದು ಹರಳಿಗೆ ಹೊಡೆಯುತ್ತದೆ, ಎಲೆಕ್ಟ್ರಾನುಗಳನ್ನು ಏಳಿಸುತ್ತದೆ. ಎರಡನೆಯದು ಮೆತ್ತಗಿನದು. ಅದು ಸ್ವಲ್ಪ ತಡವಾಗಿ ಬಂದು ನೋಡುತ್ತದೆ, ಅಷ್ಟೆ. ಮೇಲೆ ಹೆಚ್ಚು ಎಲೆಕ್ಟ್ರಾನುಗಳಿದ್ದರೆ ಅದು ಹರಳನ್ನು ಹೆಚ್ಚು ದಾಟಿಹೋಗುತ್ತದೆ. ಕಡಿಮೆ ಇದ್ದರೆ ಕಡಿಮೆ ದಾಟುತ್ತದೆ. ಒಂದು ಹೊಡೆತಕ್ಕೆ ಒಂದೇ ನೋಟ. ಮತ್ತೆ ಹೊಡೆಯಬೇಕು, ಇನ್ನೂ ತುಸು ತಡವಾಗಿ ನೋಡಬೇಕು. ಮತ್ತೆ ಹೊಡೆಯಬೇಕು. ಹಾಗೆ ನೋಡಿದ್ದನ್ನೆಲ್ಲ ಪಕ್ಕಪಕ್ಕ ಇಟ್ಟಾಗ ಪರದೆಯ ಮೇಲೆ ಒಂದು ಇಳಿತದ ಗೆರೆ ಮೂಡುತ್ತದೆ.

"ಹಾಗಾದರೆ ಒಂದು ಇಳಿತವನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ನೋಡಿಲ್ಲ."

"ಯಾರೂ ನೋಡಿಲ್ಲ. ಎಲ್ಲವೂ ಒಂದೇ ಥರ ಇಳಿದಿರಬೇಕು ಎಂದು ನಂಬಿ ಸೇರಿಸಿಕೊಂಡದ್ದು."

ಇಳಿತ ಅಳೆಯಲು ಮೊದಲು ಸೊನ್ನೆ ಬೇಕು. ಎಲ್ಲ ಕೆಳಗಿರುವಾಗ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರಬೇಕು. ಅದಕ್ಕೆ ಆ ಪ್ರಯೋಗಾಲಯದಲ್ಲಿ ಒಂದು ರೂಢಿ ಇತ್ತು. ಹೊಡೆಯುವ ಬೆಳಕನ್ನು ನಡುವೆ ಮುಚ್ಚಿದರೆ ಹರಳಿನ ಬಿಸಿ ಬದಲಾಗಿ ಅಳತೆ ಕದಲುತ್ತದೆ. ಆದ್ದರಿಂದ ಅದನ್ನು ಮುಚ್ಚಬಾರದು. ಒಂದು ಹೊಡೆತ ಬೀಳುವುದಕ್ಕೆ ಇನ್ನೇನು ಕೂದಲೆಳೆ ಹೊತ್ತಿದೆ ಎನ್ನುವಾಗ ನೋಡಬೇಕು. ಹಿಂದಿನ ಹೊಡೆತಕ್ಕೆ ಎದ್ದದ್ದೆಲ್ಲ ಅಷ್ಟರಲ್ಲಿ ಇಳಿದಿರುತ್ತದೆ. ಅಲ್ಲಿ ಗೆರೆ ಎಲ್ಲಿದೆಯೋ ಅದೇ ಸೊನ್ನೆ. ಅವಳಿಗೆ ಹಾಗೆ ಕಲಿಸಿದ್ದರು. ಅವಳಿಗೆ ಕಲಿಸಿದವರಿಗೂ ಹಾಗೆಯೇ ಕಲಿಸಿದ್ದರು. ಅಲ್ಲಿಗೆ ಬರುತ್ತಿದ್ದ ಯಾವ ಹರಳೂ ಆ ರೂಢಿಯನ್ನು ಸುಳ್ಳು ಮಾಡಿರಲಿಲ್ಲ.

ಗಂಡ ತನ್ನ ಕೆಲಸದಲ್ಲಿ ನಿಧಾನಿ. ಬೇರೆಯವರು ಎರಡು ದಿನದಲ್ಲಿ ಆರಿಸುವ ಹರಳನ್ನು ಅವನು ಮೂರು ವಾರ ಆರಿಸುತ್ತಿದ್ದ. ಆ ಮೂರು ವಾರ ಕುಲುಮೆಯ ಕೋಣೆಯ ಮುಂದೆ ಯಾರೂ ಕುರ್ಚಿ ಎಳೆಯುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ಹಾದುಹೋಗುವವರು ಅವನನ್ನು ರೇಗಿಸುತ್ತಿದ್ದರು.

"ಏನು ಸ್ವಾಮಿ, ಹೆರಿಗೆ ಯಾವಾಗ?"

"ಹೆರಿಗೆ ಆಯಿತು. ಬಾಣಂತನ ನಡೆದಿದೆ. ಮೆಲ್ಲಗೆ ನಡೆಯಿರಿ."

ಸಂಜೆ ಹೆಂಡತಿ ಮನೆಗೆ ಬಂದರೆ ಅವನು ಅಡುಗೆಮನೆಯಿಂದಲೇ ಕೇಳುತ್ತಿದ್ದ. "ಎಷ್ಟು?" ಹೆಗಲ ಚೀಲ ಇಳಿಸುವ ಮೊದಲೇ ಅವಳು ಸಂಖ್ಯೆ ಹೇಳಬೇಕು. ಅವನು ಚಹಾ ಸೋಸುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಉಳಿದದ್ದನ್ನು ಸೋಸುತ್ತಿದ್ದ. ಮದುವೆಯಾದ ಹೊಸದರಿಂದ ಅವರ ಸಂಜೆ ಶುರುವಾಗುತ್ತಿದ್ದದ್ದು ಹೀಗೆಯೇ.

ಒಂದು ವರ್ಷ ಅವನು ಒಂದು ಹರಳಿಗೆ ಕೈಹಾಕಿದ. ಅದು ತನ್ನ ಕೈಯಿಂದ ಬಂದವುಗಳಲ್ಲೆಲ್ಲ ಒಳ್ಳೆಯದು ಎಂದು ಅವನಿಗೆ ನಂಬಿಕೆ ಇತ್ತು. ನಂಬಿಕೆಗೆ ಆಧಾರ ಏನೂ ಇರಲಿಲ್ಲ. ಅದು ಆರುತ್ತಿದ್ದಾಗ ಕುಲುಮೆ ಮಾಡುತ್ತಿದ್ದ ಸದ್ದು ಬೇರೆಯಾಗಿತ್ತು ಎನ್ನುತ್ತಿದ್ದ. ಹರಳು ಆರಿ ಹೊರಗೆ ಬರುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ. ಏಳುವ ಕಾಯಿಲೆ ಅಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಅವಳು ಆ ಹರಳನ್ನು ಅಳೆದು ಬಂದಳು. ಅವತ್ತು ಪ್ರಶ್ನೆ ಅಡುಗೆಮನೆಯಿಂದ ಬರಲಿಲ್ಲ. ಮಂಚದಿಂದ ಬಂತು.

"ಎಷ್ಟು?"

"ಐದು."

"ಬೇರೆಯವರದ್ದು?"

"ನಾಲ್ಕು ಇದೆ, ಐದೂ ಇದೆ."

"ಅಷ್ಟೇನಾ," ಎಂದ. ಮತ್ತೆ ಹೇಳಿದ: "ಗಂಡ ಅಂತ ಒಂದಾದರೂ ಮೇಲೆ ಹಾಕಬಾರದಿತ್ತೇನೇ?"

"ಬೆಳಕಿಗೆ ಗಂಡ ಗೊತ್ತಿಲ್ಲ ರೀ."

ಅವನು ನಕ್ಕ. ಪರದೆಯ ಗೆರೆಯನ್ನು ಅಚ್ಚು ಹಾಕಿಸಿದ ಹಾಳೆ ತೋರಿಸು ಎಂದ. ಅವಳು ತಂದಿದ್ದಳು. ಅವನು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಇದು ಯಾಕೆ ಸ್ಕೇಲು ಇಟ್ಟು ಎಳೆದ ಹಾಗಿದೆ?"

"ನಿಮ್ಮ ಹರಳಿಗೆ ಶಿಸ್ತು ಜಾಸ್ತಿ," ಎಂದಳು ಅವಳು. ಔಷಧಿಯ ಹೊತ್ತಾಗಿತ್ತು. ಹಾಳೆಯನ್ನು ಅವನ ಕೈಯಿಂದ ತೆಗೆದಿಟ್ಟಳು.

ಇಲ್ಲಿ ನಿರುಪಾದಿ ತಡೆದ. "ನೇರ ಗೆರೆಯೇ? ಇಳಿತ ಬಾಗಬೇಕಲ್ಲ ಗುರುಗಳೇ. ಮೊದಲು ಬೇಗ, ಆಮೇಲೆ ನಿಧಾನ. ಇರುವುದು ಕಡಿಮೆಯಾದಂತೆ ಇಳಿಯುವುದೂ ಕಡಿಮೆಯಾಗಬೇಕು."

"ನೀನು ಆರೋಗ್ಯವಾಗಿ ಕೂತು ಕೇಳುತ್ತಿದ್ದೀಯ. ಅದಕ್ಕೆ ನಿನಗೆ ಕಂಡಿತು. ಅವನಿಗೂ ಕಂಡಿತು. ಅವಳಿಗೆ ಆ ದಿನ ಹಾಳೆ ಹಿಡಿದ ಕೈ ಎಷ್ಟು ಸಣ್ಣಗಾಗಿದೆ ಎಂಬುದು ಮಾತ್ರ ಕಂಡಿತು."

ಗುರುಗಳು ಮುಂದುವರಿಸಿದರು.

ಕೆಲವು ದಿನಗಳಲ್ಲಿ ಅವನು ತೀರಿಕೊಂಡ. ತನ್ನ ಹರಳು ಎಲ್ಲರದರಂತೆಯೇ ಎಂದು ತಿಳಿದೇ ತೀರಿಕೊಂಡ.

ಅವಳು ಮತ್ತೆ ಕೆಲಸಕ್ಕೆ ಹೋದಳು. ಸಂಜೆ ಮನೆಗೆ ಬಂದು ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಯಾರೂ ಎಷ್ಟು ಎಂದು ಕೇಳುತ್ತಿರಲಿಲ್ಲ. ಆಮೇಲೆ ಇಳಿಸುತ್ತಿದ್ದಳು.

ಪ್ರಯೋಗಾಲಯದ ಮುಖ್ಯಸ್ಥ ಒಳ್ಳೆಯ ಮನುಷ್ಯ. ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಅವಳನ್ನು ಕರೆಸಿ ಹೇಳಿದ. "ಅಮ್ಮಾ, ಅವರ ಕುಲುಮೆ ತೆಗೆಸಬೇಕು ಅಂದುಕೊಂಡಿದ್ದೇವೆ. ಐದು ಬರುವ ಹರಳಿಗೆ ಮೂರು ವಾರ ಯಾರು ಕಾಯುತ್ತಾರೆ? ಎರಡು ದಿನದ ಕುಲುಮೆಯಲ್ಲಿಯೂ ಅಷ್ಟೇ ಬರುತ್ತದೆ. ನಿಮ್ಮ ಮನಸ್ಸಿಗೆ ನೋವಾಗಬಾರದು."

"ಸಂಖ್ಯೆ ಹೇಳಿದವಳು ನಾನೇ ಅಲ್ಲವೇ," ಎಂದಳು ಅವಳು. "ತೆಗೆಸಿ."

ಆ ಕೋಣೆಯ ಮುಂದೆ ಅಷ್ಟರಲ್ಲಾಗಲೇ ಜನ ಕುರ್ಚಿ ಎಳೆಯತೊಡಗಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು.

ಅವನ ಕೊನೆಯ ಹರಳು ಅವಳ ಹತ್ತಿರವೇ ಇತ್ತು. ದಿನದ ಕೆಲಸ ಮುಗಿದ ಮೇಲೆ ಅವಳು ಅದನ್ನು ಬೆಳಕಿನ ದಾರಿಯಲ್ಲಿ ಇಡುತ್ತಿದ್ದಳು. ಅಳೆಯುವುದು ಬಾಕಿ ಇರಲಿಲ್ಲ. ಐದು ಎಂದು ಗೊತ್ತಿತ್ತು. ಆದರೂ ಇಡುತ್ತಿದ್ದಳು. ಗಂಡ ಮುಟ್ಟಿದ ವಸ್ತುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಲೋಟವಿತ್ತು, ಕನ್ನಡಕವಿತ್ತು. ಅವು ಇದ್ದಲ್ಲಿಯೇ ಇರುತ್ತಿದ್ದವು. ಈ ಒಂದು ವಸ್ತುವಿನೊಳಗೆ ಮಾತ್ರ, ಬೆಳಕು ಬಿದ್ದರೆ, ಏನೋ ಏಳುತ್ತಿತ್ತು. ಅವಳು ಕೂತು ಅದನ್ನು ನೋಡುತ್ತಿದ್ದಳು. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು, ಸೊನ್ನೆಯನ್ನು ಮುಟ್ಟುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಮೇಲಿರಬಾರದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಒಂದು ಸಲವೂ ಅದು ಇರಲಿಲ್ಲ. ಪ್ರತಿ ಸಲ ಅಲ್ಲಿಯೇ ಬಂದು ಮುಟ್ಟುತ್ತಿತ್ತು.

ಅವಳ ಜೊತೆ ಕೆಲಸ ಮಾಡುವವಳೊಬ್ಬಳು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. "ಮುಗೀತೇನಕ್ಕಾ? ಅದು ಇನ್ನೇನು ಹೊಸದು ಹೇಳುತ್ತದೆ?"

"ಹೊಸದು ಬೇಡ. ಹಳೆಯದನ್ನೇ ಹೇಳಲಿ."

ಕುಲುಮೆ ಬಿಚ್ಚುವ ವಾರ ಬಂತು. ಇನ್ನು ಆ ಕೋಣೆಯಿಂದ ಹರಳು ಬರುವುದಿಲ್ಲ ಎಂದ ಮೇಲೆ ಇರುವ ಒಂದಕ್ಕೆ ಬೆಲೆ ಹೆಚ್ಚಾಯಿತು. ಇಷ್ಟು ದಿನ ಅದಕ್ಕೆ ಹೊಡೆಸಿದ್ದು ತಪ್ಪಾಯಿತೇನೋ ಎಂದು ಅವಳಿಗೆ ಅನ್ನಿಸಿತು. ಬೆಳಕಾದರೂ ಹೊಡೆತ ಹೊಡೆತವೇ. ಸೆಕೆಂಡಿಗೆ ಹತ್ತು ಕೋಟಿ ಹೊಡೆತ. ಹರಳಿನ ಮೈ ಸವೆಯುತ್ತದೆ. ಇನ್ನು ಇಡುವುದಿಲ್ಲ, ಇದೇ ಕೊನೆಯ ಸಲ ಎಂದುಕೊಂಡಳು.

ಅಳತೆ ಮುಗಿದರೆ ಹರಳನ್ನು ಹಿಡಿಕೆಯಿಂದ ಹೊರಗೆ ತೆಗೆಯುವುದು ಅಲ್ಲಿಯ ಕ್ರಮ. ಬೆಳಕು ಉರಿಯುತ್ತಲೇ ಇರುತ್ತದೆ. ಅವತ್ತು ಅವಳಿಗೆ ಹರಳು ತೆಗೆಯಲು ಕೈ ಬರಲಿಲ್ಲ. ತೆಗೆದರೆ ಮತ್ತೆ ಇಡುವುದಿಲ್ಲ. ಹೊಡೆಸಿಕೊಳ್ಳಲು ಬಿಡುವುದಕ್ಕೂ ಮನಸ್ಸಾಗಲಿಲ್ಲ. ಮೇಜಿನ ಮೇಲೆ ಒಂದು ರಟ್ಟಿನ ತುಂಡು ಬಿದ್ದಿತ್ತು. ಅವಳು ಅದನ್ನೆತ್ತಿ ಹೊಡೆಯುವ ಬೆಳಕಿಗೆ ಅಡ್ಡ ಹಿಡಿದಳು. ಬಿಸಿಲಲ್ಲಿ ಮಲಗಿದವರ ಮುಖಕ್ಕೆ ನೆರಳು ಹಿಡಿಯುವುದಿಲ್ಲವೇ, ಹಾಗೆ.

"ಸಾಕು," ಎಂದಳು. "ಸ್ವಲ್ಪ ಸುಧಾರಿಸಿಕೊಳ್ಳಿ."

ನೋಡುವ ಬೆಳಕು ಇನ್ನೂ ಹರಳಿನ ಮೇಲಿತ್ತು. ಪರದೆಯ ಮೇಲೆ ಗೆರೆ ಇತ್ತು. ಅದು ಸೊನ್ನೆಯಲ್ಲಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಸೊನ್ನೆಯನ್ನು ದಾಟಿ ಕೆಳಗೆ ಹೋಯಿತು. ಎಷ್ಟು ಕೆಳಗೆ ಎಂದರೆ, ಪರದೆಯ ಅಂಚನ್ನೂ ಮೀರಿ ಎಲ್ಲಿಯೋ ಹೋಯಿತು.

ಅವಳು ರಟ್ಟು ತೆಗೆದಳು. ಗೆರೆ ಮೇಲೆ ಬಂತು. ಮತ್ತೆ ಹಿಡಿದಳು. ಮತ್ತೆ ಹೋಯಿತು.

ಬಿಸಿ ಬದಲಾಗುತ್ತಿದೆ ಎಂದುಕೊಂಡಳು. ಅವಳಿಗೆ ಕಲಿಸಿದ್ದು ಅದೇ ತಾನೇ. ಆದರೆ ಅವಳು ಅಳೆಯುವವಳು, ಅಂದುಕೊಂಡದ್ದನ್ನು ಅಂದುಕೊಂಡಲ್ಲಿಗೆ ಬಿಡುವವಳಲ್ಲ. ಬೇರೊಬ್ಬರ ಹರಳನ್ನು ತಂದಿಟ್ಟಳು. ರಟ್ಟು ಹಿಡಿದಳು. ಗೆರೆ ಸೊನ್ನೆಯ ಹತ್ತಿರ ಒಂದಿಷ್ಟು ನಡುಗಿ ಅಲ್ಲಿಯೇ ನಿಂತಿತು. ಇನ್ನೊಂದು ಹರಳಿಟ್ಟಳು. ಅದೂ ನಿಂತಿತು. ಗಂಡನ ಹರಳಿಟ್ಟಳು. ಗೆರೆ ಕೆಳಗೆ ಹೋಯಿತು.

ಆಗ ಅವಳಿಗೆ ಆ ಮಾತು ನೆನಪಾಯಿತು. ಸ್ಕೇಲು ಇಟ್ಟು ಎಳೆದ ಹಾಗಿದೆ.

ಅವಳು ಕುರ್ಚಿಯ ಮೇಲೆ ಕೂತಳು.

ಎರಡು ಹೊಡೆತಗಳ ನಡುವಿನ ಬಿಡುವು ಅದೇ ಲೆಕ್ಕದಲ್ಲಿ ಹತ್ತು ಪಾಲು. ಬೇರೆಯವರ ಹರಳಿನಲ್ಲಿ ಎದ್ದದ್ದರಲ್ಲಿ ಹೆಚ್ಚಿನದು ನಾಲ್ಕೈದರಲ್ಲಿಯೇ ಇಳಿದು, ಹತ್ತಾಗುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿದಿರುತ್ತಿತ್ತು. ಅವಕ್ಕೆ ಆ ಬಿಡುವು ಸಾಕು. ಗಂಡನ ಹರಳಿನಲ್ಲಿ ಹಾಗಲ್ಲ. ಎದ್ದದ್ದು ಇನ್ನೂ ಮೇಲಿರುವಾಗಲೇ ಮುಂದಿನ ಹೊಡೆತ ಬೀಳುತ್ತಿತ್ತು. ಅದರ ಮೇಲೆ ಇನ್ನೊಂದು. ಒಂದರ ಮೇಲೊಂದು ತುಂಬಿಕೊಂಡು ಹರಳು ಯಾವಾಗಲೂ ತುಂಬಿಯೇ ಇರುತ್ತಿತ್ತು. ಅವಳು ಹೊಡೆತಕ್ಕೆ ಮುಂಚೆ ಒಂದು ಗಳಿಗೆ ನೋಡಿ, ಆ ತುಂಬಿದ ಮಟ್ಟಕ್ಕೇ ಗುರುತು ಹಾಕಿ, ಅದನ್ನು ಸೊನ್ನೆ ಎಂದು ಕರೆದಿದ್ದಳು. ಅದರ ಮೇಲೆ ತುಳುಕಿ ಬಂದದ್ದನ್ನು ಮಾತ್ರ ಅಳೆದಿದ್ದಳು. ತುಳುಕಿದ್ದು ಮುಂದಿನ ಹೊಡೆತದ ಹೊತ್ತಿಗೆ ಹಳೆಯ ಮಟ್ಟಕ್ಕೆ ಬರುತ್ತಿತ್ತು. ಬಂದೇ ಬರಬೇಕು, ಗುರುತು ಹಾಕಿದ್ದೇ ಅಲ್ಲಿ. ದೊಡ್ಡ ಕೆರೆಯ ದಂಡೆಯಲ್ಲಿ ಒಂದು ಮಾರು ಉದ್ದವನ್ನು ಮಾತ್ರ ನೋಡಿದರೆ ನೇರವಾಗಿ ಕಾಣುತ್ತದೆ. ಹಾಗೆಯೇ ಆ ಗೆರೆ ನೇರವಾಗಿ ಕಂಡಿತ್ತು.

ಮರುದಿನ ಅವಳು ಹೊಡೆಯುವ ಬೆಳಕಿನ ದಾರಿಗೆ ಒಂದು ಬಾಗಿಲು ಕೂಡಿಸಿದಳು. ಹತ್ತು ಹೊಡೆತಗಳಲ್ಲಿ ಒಂದನ್ನು ಮಾತ್ರ ಒಳಗೆ ಬಿಟ್ಟಳು, ಉಳಿದದ್ದನ್ನು ತಡೆದಳು. ಆಗಲೂ ಹಿಂದಿನದು ಇಳಿದು ಮುಗಿದಿರಲಿಲ್ಲ. ನೂರರಲ್ಲಿ ಒಂದನ್ನು ಬಿಟ್ಟಳು. ಈಗ ಗೆರೆ ಎದ್ದಿತು, ತುಂಬ ಎತ್ತರಕ್ಕೆ. ಅವಳು ಹಿಂದೆಂದೂ ನೋಡಿರದಷ್ಟು ಎತ್ತರಕ್ಕೆ. ಕೆಳಗೆ ಎಲ್ಲವೂ ತಮ್ಮ ನೆಲೆಗೆ ಬಂದಿದ್ದವು, ಏಳಲು ಎಲ್ಲವೂ ಇದ್ದವು. ಆಮೇಲೆ ಅದು ಇಳಿಯಿತು. ಬಾಗಿಕೊಂಡು, ನಿಧಾನವಾಗಿ, ಇಳಿತ ಹೇಗಿರಬೇಕೋ ಹಾಗೆ. ರಟ್ಟು ಹಿಡಿದು ನೋಡಿದ ನಿಜವಾದ ಸೊನ್ನೆಯನ್ನು ಕೊನೆಗೆ ಮುಟ್ಟಿತು.

ಅವಳು ಸಂಖ್ಯೆ ತೆಗೆದಳು. ಇನ್ನೂರು.

ಒಮ್ಮೆ ತೆಗೆದ ಸಂಖ್ಯೆಯನ್ನು ಅವಳು ನಂಬುವುದಿಲ್ಲ. ಬೆಳಕನ್ನು ಕಡಿಮೆ ಮಾಡಿ ತೆಗೆದಳು. ಹರಳನ್ನು ತಿರುಗಿಸಿಟ್ಟು ತೆಗೆದಳು. ಇನ್ನೂರೇ ಬಂತು.

ಅವಳು ಮುಖ್ಯಸ್ಥನ ಹತ್ತಿರ ಹೋಗಿ ಕುಲುಮೆ ಬಿಚ್ಚಬೇಡಿ ಎಂದಳು. ಹೊಸ ಗೆರೆಯ ಹಾಳೆಯನ್ನು ಅವನ ಮುಂದಿಟ್ಟಳು. ಅವನು ತುಂಬ ಹೊತ್ತು ನೋಡಿದ.

"ಅಮ್ಮಾ, ಮೊದಲನೆಯ ಸಲವೂ ಅಳೆದವರು ನೀವೇ. ಈಗಲೂ ನೀವೇ. ನಾನು ಯಾವುದನ್ನು ನಂಬಲಿ?"

"ಎರಡೂ ನಂಬಬೇಡಿ. ಬೇರೆಯವರಿಂದ ಅಳೆಸಿ. ಸೊನ್ನೆ ಮಾತ್ರ ಬೆಳಕು ಮುಚ್ಚಿ ಹಾಕಲು ಹೇಳಿ."

ಬೇರೆಯವರು ಅಳೆದರು. ಇನ್ನೂರಕ್ಕೆ ಒಂದೆರಡು ಆಚೀಚೆ ಬಂತು. ಬಿಚ್ಚಿದ್ದ ತಿರುಪುಗಳನ್ನು ಮತ್ತೆ ಹಾಕಿದರು. ಆ ಕೋಣೆಯ ಮುಂದೆ ಕುರ್ಚಿ ಎಳೆಯುವುದು ನಿಂತಿತು.

ಸಂಜೆ ಅವಳು ಮನೆಗೆ ಬಂದಳು. ಚೀಲ ಹೆಗಲಲ್ಲಿ ಇತ್ತು. ಬಾಗಿಲಲ್ಲಿ ನಿಂತಳು. ಯಾರೂ ಕೇಳಲಿಲ್ಲ.

"ಇನ್ನೂರು ರೀ," ಎಂದಳು. ಅಡುಗೆಮನೆ ಕತ್ತಲಾಗಿತ್ತು. ಅವಳು ಒಳಗೆ ಹೋಗಿ ದೀಪ ಹಾಕಿ, ಚಹಾಕ್ಕೆ ನೀರಿಟ್ಟಳು. ಸೋಸುವಾಗ ಅವಳ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಉಳಿದದ್ದನ್ನು ಸೋಸಿದಳು.

ಗುರುಗಳು ಕತೆ ನಿಲ್ಲಿಸಿದರು.

ನಿರುಪಾದಿ "ಅವಳ ದುಃಖ ಕಡಿಮೆಯಾಯಿತೇ?" ಎಂದು ಕೇಳಿದ.

"ಅದನ್ನು ಅವಳು ಅಳೆಯಲಿಲ್ಲ."

"ಅವನಿಗೆ ತಿಳಿಯಲೇ ಇಲ್ಲವಲ್ಲ ಗುರುಗಳೇ."

"ತಿಳಿಯಲಿಲ್ಲ. ಅದನ್ನು ಸರಿಮಾಡುವ ಕತೆ ನನ್ನ ಹತ್ತಿರ ಇಲ್ಲ."

ಹೊರಗೆ ಬೆಳಕು ಇಳಿಯುತ್ತಿತ್ತು. ನಿರುಪಾದಿ ಚಾಪೆಯ ಅಂಚಿನ ಒಂದು ಎಳೆಯನ್ನು ಬೆರಳಿನಿಂದ ಸರಿಮಾಡುತ್ತ ಕೂತಿದ್ದ. ಆಮೇಲೆ ಹೇಳಿದ:

"ಕತೆ ಅರ್ಥವಾಯಿತು. ತುಂಬಿದ್ದ ಮಟ್ಟವನ್ನೇ ಅವಳು ಸೊನ್ನೆ ಅಂದುಕೊಂಡಳು. ಆದರೆ ನನ್ನದು ಹಾಗಲ್ಲ. ನಾನು ಸುಳ್ಳು ಹೇಳಬಾರದು. ಎಷ್ಟೋ ಸಲ ಒಳಗೆ ನೋಡಿಕೊಂಡಿದ್ದೇನೆ. ಅಕ್ಕನದು ಅನ್ನುವಂಥದ್ದು ಒಂದೂ ಸಿಗುವುದಿಲ್ಲ. ಬೆಳಗ್ಗೆ ಏಳುತ್ತೇನೆ, ಸ್ನಾನ ಮಾಡುತ್ತೇನೆ, ಉಣ್ಣುತ್ತೇನೆ, ಶಾಲೆಗೆ ಹೋಗುತ್ತೇನೆ, ಬರುತ್ತೇನೆ. ಅಷ್ಟೆ. ಅದರಲ್ಲಿ ಅವಳು ಎಲ್ಲಿದ್ದಾಳೆ?"

ಅವನು ಎದ್ದ. ಗುರುಗಳ ಪಾದ ಮುಟ್ಟಿದ. ಹೊಸ್ತಿಲು ದಾಟಿ, ಬೀದಿಯ ಕಡೆ ಮುಖ ಮಾಡಿ ಕಾಯುತ್ತಿದ್ದ ಚಪ್ಪಲಿಗಳಿಗೆ ಕಾಲು ಇಡಲು ಹೋದ.

ಗುರುಗಳು ಕೂತಲ್ಲಿಂದಲೇ ಕೇಳಿದರು:

"ಚಪ್ಪಲಿಯನ್ನು ಹಾಗೆ ತಿರುಗಿಸಿಡಲು ನಿನಗೆ ಯಾರು ಕಲಿಸಿದರು?"